ಎದೆನೋವು ಎಂದು ಬಂದವರಿಗೆ ಸಿಟಿ: ಯಾರಿಗೆ, ಯಾವುದು, ಹೇಗೆ

ರಿಕ್ವೆಸ್ಟ್ ಫಾರಂನಲ್ಲಿ ‘ಎದೆನೋವು, ಸಿಟಿ ಚೆಸ್ಟ್’ ಎಂದಷ್ಟೇ ಬರೆದರೆ ಟೆಕ್ನಿಷಿಯನ್‌ಗೆ ಏನೂ ಹೇಳಿದಂತಾಗಲಿಲ್ಲ. ಎದೆನೋವಿಗೆ ಮಾಡುವ ಸಿಟಿ ಒಂದಲ್ಲ, ಮೂರು. ಹೃದಯದ ರಕ್ತನಾಳ ನೋಡುವ ಕೊರೊನರಿ ಆಂಜಿಯೋ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಹುಡುಕುವ ಪಲ್ಮನರಿ ಆಂಜಿಯೋ, ಮಹಾಪಧಮನಿಯ ಒಳಪದರ ಸೀಳಿದೆಯೇ ಎಂದು ನೋಡುವ ಅಯೋರ್ಟೋಗ್ರಾಂ. ಮೂರಕ್ಕೂ ಚುಚ್ಚುವ ಡೈ ಒಂದೇ. ಆದರೆ ಅದು ಶ್ವಾಸಕೋಶದ ರಕ್ತನಾಳಕ್ಕೆ ಸುಮಾರು 12–15 ಸೆಕೆಂಡಿಗೆ ತಲುಪಿದರೆ ಮಹಾಪಧಮನಿಗೆ ಬರುವುದು 20–25 ಸೆಕೆಂಡಿಗೆ. ಒಂದಕ್ಕೆ ಹೊಂದಿಸಿ ತೆಗೆದ ಚಿತ್ರದಲ್ಲಿ ಇನ್ನೊಂದರ ಉತ್ತರ ಹುಡುಕಿದರೆ ಸಿಗುವುದು ಅನುಮಾನ ಮಾತ್ರ. ಹಾಗಾಗಿ ರೋಗಿ ಟೇಬಲ್ ಮೇಲೆ ಮಲಗುವ ಮುಂಚೆಯೇ ಪ್ರಶ್ನೆ ಯಾವುದೆಂದು ತೀರ್ಮಾನವಾಗಿರಬೇಕು.

ಇದನ್ನು ಬರೆದಿರುವುದು ಬೆಂಗಳೂರಿನ ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳ ಕ್ಯಾಶುವಾಲಿಟಿಯಲ್ಲಿರುವ ಡ್ಯೂಟಿ ಡಾಕ್ಟರುಗಳಿಗೆ, ಸಿಸ್ಟರುಗಳಿಗೆ, ಸಿಟಿ ಟೆಕ್ನಿಷಿಯನ್ನರಿಗೆ. ರೋಗಿಯ ಕಡೆಯವರು ಓದಿದರೂ ತೊಂದರೆಯಿಲ್ಲ. ಆದರೆ ಮನೆಯಲ್ಲಿ ಈಗ ಯಾರಿಗಾದರೂ ಎದೆ ಹಿಡಿದುಕೊಂಡಿದ್ದರೆ ಓದುವುದನ್ನು ಬಿಟ್ಟು 108ಕ್ಕೆ ಫೋನ್ ಮಾಡಿ. ಸ್ಕ್ಯಾನಿಂಗ್ ಸೆಂಟರಿಗೆ ಕರೆದುಕೊಂಡು ಹೋಗಬೇಡಿ.

ಮೊದಲು ಇಸಿಜಿ

ರೋಗಿ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕು, ಅದನ್ನು ಓದಬಲ್ಲವರು ನೋಡಬೇಕು. ಎಸ್‌ಟಿ ಎತ್ತರಿಸಿದ ಹೃದಯಾಘಾತ (ಇಸಿಜಿಯ ಎಸ್‌ಟಿ ಗೆರೆ ಮೇಲೇರಿರುವುದು) ಕಂಡರೆ ಕೊರೊನರಿ ಸಿಟಿಯ ಮಾತೇ ಇಲ್ಲ. ಕ್ಯಾಥ್ ಲ್ಯಾಬ್ (ಆಂಜಿಯೋಗ್ರಾಂ ಮಾಡುವ ಕೋಣೆ) ಇದ್ದರೆ ಅಲ್ಲಿಗೆ, ಇಲ್ಲದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಿಂತಿರುವುದೂ ಈ ಲೆಕ್ಕದ ಮೇಲೆಯೇ: ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ, ಹೃದ್ರೋಗ ಕೇಂದ್ರದ ಸಲಹೆ, ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಉಚಿತ. ಅಲ್ಲೆಲ್ಲೂ ಸಿಟಿ ಇಲ್ಲ, ಇರಬೇಕಾಗಿಯೂ ಇಲ್ಲ.

ಮೊದಲ ಇಸಿಜಿ ನಾರ್ಮಲ್ ಇದ್ದು ನೋವು ಮುಂದುವರಿದರೆ 15–30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಿರಿ. ಎದೆಯ ಮೇಲಿನ ಲೀಡುಗಳಾದ ವಿ1ರಿಂದ ವಿ3ರವರೆಗೆ ಎಸ್‌ಟಿ ಕುಸಿದಿದ್ದರೆ ಲೀಡುಗಳನ್ನು ಬೆನ್ನಿಗೆ ಹಾಕಿ ವಿ7–ವಿ9 ನೋಡಿ. ಹೃದಯದ ಹಿಂಬದಿಯ ಆಘಾತ ಹೆಚ್ಚಾಗಿ ತಪ್ಪಿಹೋಗುವುದು ಇಲ್ಲಿಯೇ.

ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್ ವಿಚಾರದಲ್ಲಿ ಒಂದು ಎಚ್ಚರಿಕೆ. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಬಳಸುವ ಕಾರ್ಡ್ ಟೆಸ್ಟ್, ಗೆರೆ ಬಂತೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ನೋವು ಶುರುವಾಗಿ ಎರಡು ಗಂಟೆಯಷ್ಟೇ ಆಗಿರುವಾಗ ಗೆರೆ ಬರಲಿಲ್ಲವೆಂದು ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಪ್ಯಾಂಟೊಪ್ರಜೋಲ್ ಕೊಟ್ಟು ಮನೆಗೆ ಕಳಿಸುವುದು ಅಪಾಯ. ಹೈ ಸೆನ್ಸಿಟಿವಿಟಿ ಟ್ರೋಪೋನಿನ್ ಸಿಗುವ ಕಡೆ ಬಂದ ಕೂಡಲೇ ಒಂದು, ಲ್ಯಾಬಿನ ಪದ್ಧತಿಯಂತೆ 1, 2 ಅಥವಾ 3 ಗಂಟೆಗೆ ಇನ್ನೊಂದು. ಎರಡರ ನಡುವಿನ ಏರಿಕೆಯೂ ಸಂಖ್ಯೆಯಷ್ಟೇ ಮುಖ್ಯ.

ಕೊರೊನರಿ ಸಿಟಿ ಯಾರಿಗೆ

ಹಾರ್ಟ್ ಸ್ಕೋರ್ ಹಾಕಿ. ನೋವಿನ ಸ್ವಭಾವ, ಇಸಿಜಿ, ವಯಸ್ಸು, ಅಪಾಯಕಾರಿ ಅಂಶಗಳು, ಟ್ರೋಪೋನಿನ್: ಒಂದೊಂದಕ್ಕೂ 0ಯಿಂದ 2 ಅಂಕ. ಒಟ್ಟು 0–3 ಬಂದು ಟ್ರೋಪೋನಿನ್ ಎರಡೂ ಸಲ ಸರಿಯಿದ್ದರೆ ತುರ್ತಾಗಿ ಸಿಟಿ ಬೇಕಿಲ್ಲ, ಮನೆಗೆ ಹೋಗಬಹುದು. 7 ಅಥವಾ ಅದಕ್ಕಿಂತ ಹೆಚ್ಚಾದರೆ ಹೃದ್ರೋಗ ತಜ್ಞರ ಕೈಗೆ, ಸಾಮಾನ್ಯವಾಗಿ ನೇರ ಆಂಜಿಯೋಗ್ರಾಂಗೆ. ಸಿಟಿಗೆ ನಿಜವಾದ ಕೆಲಸ ಇರುವುದು ನಡುವಿನ 4–6ರವರಲ್ಲಿ, ಅದೂ ಮುಂಚೆ ಹೃದ್ರೋಗ ಗೊತ್ತಿಲ್ಲದವರಲ್ಲಿ. ಅಮೆರಿಕದ ಹೃದ್ರೋಗ ಸಂಘಗಳ 2021ರ ಎದೆನೋವು ಮಾರ್ಗಸೂಚಿಯೂ ಈ ಗುಂಪಿಗೇ ಇದನ್ನು ಬಲವಾಗಿ ಶಿಫಾರಸು ಮಾಡುತ್ತದೆ.

‘ಎಲ್ಲರಿಗೂ ಒಂದು ಮಾಡಿಬಿಟ್ಟರೆ ಒಳ್ಳೆಯದಲ್ವಾ ಡಾಕ್ಟ್ರೇ’ ಎನ್ನುವವರಿಗೆ ಎರಡು ಅಧ್ಯಯನಗಳನ್ನು ನೆನಪಿಸಬಹುದು. 2012ರ ರೋಮಿಕ್ಯಾಟ್-2ರಲ್ಲಿ ಸಿಟಿ ಮಾಡಿಸಿಕೊಂಡವರು ಆಸ್ಪತ್ರೆಯಲ್ಲಿ ಕಳೆದ ಸಮಯ ಸರಾಸರಿ 7.6 ಗಂಟೆ ಕಡಿಮೆಯಾಯಿತು, ಆದರೆ ಮುಂದಿನ ಪರೀಕ್ಷೆಗಳೂ ವಿಕಿರಣವೂ ಹೆಚ್ಚಾದವು. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ರ‍್ಯಾಪಿಡ್-ಸಿಟಿಸಿಎ 1,748 ಜನರನ್ನು ನೋಡಿತು. ಬೇಗ ಸಿಟಿ ಮಾಡಿದ್ದರಿಂದ ಒಂದು ವರ್ಷದಲ್ಲಿ ಸಾವಾಗಲಿ ಹೃದಯಾಘಾತವಾಗಲಿ ಕಡಿಮೆಯಾಗಲಿಲ್ಲ. ಇದು ಗೊಂದಲದಲ್ಲಿರುವವರನ್ನು ಬೇಗ ಮನೆಗೆ ಕಳಿಸಲು ನೆರವಾಗುವ ಪರೀಕ್ಷೆ, ಅಷ್ಟೇ.

ಬೇಡವಾದವರು ಯಾರು? 3 ಮಿ.ಮೀ.ಗಿಂತ ಸಣ್ಣ ಸ್ಟೆಂಟ್ ಇರುವವರು (ಒಳಗೆ ಏನೂ ಕಾಣುವುದಿಲ್ಲ), ರಕ್ತನಾಳದ ತುಂಬ ಸುಣ್ಣ ಕಟ್ಟಿರುವವರು, ಹತೋಟಿಗೆ ಬಾರದ ಏಟ್ರಿಯಲ್ ಫಿಬ್ರಿಲೇಷನ್ (ಬಡಿತ ಕ್ರಮ ತಪ್ಪುವುದು) ಇರುವವರು, ಐದಾರು ಸೆಕೆಂಡೂ ಉಸಿರು ಹಿಡಿಯಲಾಗದವರು. ಇನ್ನು ಯಂತ್ರದ ಮಾತು. ನಗರದ ಎಷ್ಟೋ ಡಯಾಗ್ನೋಸ್ಟಿಕ್ ಸೆಂಟರುಗಳಲ್ಲಿ 16 ಅಥವಾ 32 ಸ್ಲೈಸ್ (ಒಂದು ಸುತ್ತಿಗೆ ಸಿಗುವ ಪದರಗಳು) ಯಂತ್ರಗಳಿವೆ. ಶ್ವಾಸಕೋಶದ ಹೆಪ್ಪಿಗೂ ಮಹಾಪಧಮನಿಗೂ ಅವು ಸಾಕು. ಕೊರೊನರಿಗೆ ಕನಿಷ್ಠ 64 ಸ್ಲೈಸ್, ಜೊತೆಗೆ ಇಸಿಜಿ ಗೇಟಿಂಗ್ (ಹೃದಯದ ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯುವುದು) ಬೇಕು. ಟ್ರಾಫಿಕ್ಕಿನಲ್ಲಿ ಸಿಲ್ಕ್ ಬೋರ್ಡ್ ದಾಟಿಸಿ ಕಳಿಸುವ ಮುಂಚೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ.

ಕ್ಯಾಲ್ಸಿಯಂ ಸ್ಕೋರ್ (ಡೈ ಇಲ್ಲದೆ ರಕ್ತನಾಳದ ಸುಣ್ಣ ಅಳೆಯುವುದು) ಸೊನ್ನೆ ಬಂತೆಂದು ಮಾತ್ರ ಯಾರನ್ನೂ ಬಿಡಬೇಡಿ. ನಮ್ಮಲ್ಲಿ ಮೂವತ್ತು-ನಲವತ್ತರ ವಯಸ್ಸಿನವರಿಗೂ ಹೃದಯಾಘಾತವಾಗುತ್ತದೆ. ಜಯದೇವ ಹೃದ್ರೋಗ ಸಂಸ್ಥೆ ಎಳೆಯ ವಯಸ್ಸಿನ ಹೃದ್ರೋಗಿಗಳಿಗೆಂದೇ ರಿಜಿಸ್ಟ್ರಿ ನಡೆಸಿದ್ದು ಅದಕ್ಕೇ. ಈ ವಯಸ್ಸಿನಲ್ಲಿ ಕಟ್ಟಿದ ಜಿಡ್ಡು ಇನ್ನೂ ಸುಣ್ಣವಾಗಿರುವುದಿಲ್ಲ, ಡೈ ಇಲ್ಲದೆ ತೆಗೆದ ಚಿತ್ರದಲ್ಲಿ ಅದು ಕಾಣುವುದೂ ಇಲ್ಲ.

ಕೊರೊನರಿ ಸಿಟಿಗೆ ತಯಾರಿ

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ನಾಡಿಬಡಿತ ನಿಮಿಷಕ್ಕೆ 60ರ ಆಸುಪಾಸಿಗೆ ಇಳಿಯಬೇಕು, 65ರವರೆಗೆ ನಡೆಯುತ್ತದೆ. 80ರಲ್ಲಿ ತೆಗೆದರೆ ಬಲ ಕೊರೊನರಿ ನಡುವೆ ತುಂಡಾದಂತೆ ಕಾಣುತ್ತದೆ, ರಿಪೋರ್ಟ್ ಬರೆಯುವವರು ‘ಸ್ಪಷ್ಟವಿಲ್ಲ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ.

ಒಂದು ಗಂಟೆ ಮುಂಚೆ ನಾಡಿ ಇಳಿಸುವ ಬೀಟಾ ಬ್ಲಾಕರ್ ಮೆಟೊಪ್ರೊಲಾಲ್ 50–100 ಮಿ.ಗ್ರಾಂ ಬಾಯಿಗೆ. ಆಮೇಲೂ ಇಳಿಯದಿದ್ದರೆ ಐವಿ 5 ಮಿ.ಗ್ರಾಂ ನಿಧಾನವಾಗಿ, 5 ನಿಮಿಷಕ್ಕೊಮ್ಮೆ, ಒಟ್ಟು 15 ಮಿ.ಗ್ರಾಂ ಮೀರದಂತೆ, ಮಾನಿಟರ್ ಮೇಲೆ ಕಣ್ಣಿಟ್ಟು. ವೀಜಿಂಗ್ ಇರುವ ಅಸ್ತಮಾ, ಹಾರ್ಟ್ ಬ್ಲಾಕ್, ನೀರು ತುಂಬಿದ ಶ್ವಾಸಕೋಶ, ಮೇಲಿನ ಬಿಪಿ 100ಕ್ಕಿಂತ ಕಡಿಮೆ: ಇವರಿಗೆ ಕೊಡಬಾರದು. ಅಂಥವರಲ್ಲಿ ಕೆಲವರಿಗೆ ಐವಾಬ್ರಡಿನ್ ಬಳಸುತ್ತಾರೆ. ಆದರೆ ಅದು ಕೆಲಸ ಶುರು ಮಾಡಲು ಹೆಚ್ಚು ಹೊತ್ತು ಬೇಕು, ಹಾರ್ಟ್ ಬ್ಲಾಕ್ ಇರುವವರಿಗೆ ಅದೂ ಆಗದು.

ಚಿತ್ರ ತೆಗೆಯುವ 3–5 ನಿಮಿಷ ಮುಂಚೆ ನಾಲಿಗೆಯಡಿ ನೈಟ್ರೋಗ್ಲಿಸರಿನ್ ಸ್ಪ್ರೇ, 400–800 ಮೈಕ್ರೋಗ್ರಾಂ. ರಕ್ತನಾಳ ಹಿಗ್ಗಿ ಸಣ್ಣ ಕವಲುಗಳೂ ಕಾಣುತ್ತವೆ. ಸ್ಪ್ರೇ ಇಲ್ಲದ ಕಡೆ ಸಾರ್ಬಿಟ್ರೇಟ್ 5 ಮಿ.ಗ್ರಾಂ ಇಡುವುದು ವಾಡಿಕೆ. ಇದನ್ನು ಬೇಗ ಕೊಟ್ಟರೆ ಅಷ್ಟು ಕಷ್ಟಪಟ್ಟು ಇಳಿಸಿದ ನಾಡಿ ಮತ್ತೆ ಏರುತ್ತದೆ. ಕೊಡುವ ಮುಂಚೆ ಗಂಡಸರನ್ನು, ಮನೆಯವರನ್ನು ಹೊರಗೆ ನಿಲ್ಲಿಸಿ, ಕೇಳಲೇಬೇಕಾದ ಪ್ರಶ್ನೆಯೊಂದಿದೆ: ವಯಾಗ್ರದಂಥ ಮಾತ್ರೆ ತೆಗೆದುಕೊಂಡಿದ್ದೀರಾ? ಸಿಲ್ಡೆನಾಫಿಲ್ ತೆಗೆದುಕೊಂಡು 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ಕಳೆದಿರದಿದ್ದರೆ ನೈಟ್ರೇಟ್ ಕೊಡಬೇಡಿ, ಬಿಪಿ ಪಾತಾಳಕ್ಕಿಳಿಯುತ್ತದೆ. ‘ಮಾತ್ರೆ ಏನಾದ್ರೂ ತಗೋತೀರಾ’ ಎಂದು ಸಾಮಾನ್ಯವಾಗಿ ಕೇಳಿದರೆ ಬಿಪಿ, ಶುಗರ್ ಮಾತ್ರೆ ಹೇಳುತ್ತಾರೆ, ಇದನ್ನು ಹೇಳುವುದಿಲ್ಲ.

ಕ್ಯಾನುಲಾ ಬಲಗೈಯ ಮೊಣಕೈ ಮಡಿಕೆಯಲ್ಲಿರಲಿ, ಹಸಿರು ಬಣ್ಣದ 18 ಗೇಜ್. ಸಿಗದಿದ್ದರೆ ಗುಲಾಬಿಯ 20, ಪ್ಯಾಕೆಟ್ ಮೇಲಿನ ಗರಿಷ್ಠ ಫ್ಲೋ ನೋಡಿಕೊಂಡು. ಮುಂಗೈ ಮೇಲಿನ ನೀಲಿ 22ರಲ್ಲಿ ಈ ವೇಗ ನಡೆಯುವುದಿಲ್ಲ. ಎಡಗೈ ಏಕೆ ಬೇಡವೆಂದರೆ, ಎಡಗಡೆಯ ಸಿರೆ ಎದೆಯ ಮುಂದೆ ಅಡ್ಡ ಹಾದುಹೋಗುತ್ತದೆ. ಗಟ್ಟಿ ಡೈ ಅದರಲ್ಲಿ ತುಂಬಿದಾಗ ಬಿಳಿ ಗೆರೆಗಳೆದ್ದು ಮಹಾಪಧಮನಿಯ ಕಮಾನು ಮುಚ್ಚಿಹೋಗುತ್ತದೆ.

ಡೈ ಚುಚ್ಚುವ ಮುಂಚೆ ಅದೇ ವೇಗದಲ್ಲಿ 20 ಮಿ.ಲೀ. ಸಲೈನ್ ಬಿಟ್ಟು, ಸಿಸ್ಟರ್ ಚರ್ಮದ ಮೇಲೆ ಬೆರಳಿಟ್ಟು ನೋಡಬೇಕು. ಸೆಕೆಂಡಿಗೆ 5 ಮಿ.ಲೀ. ಎಂದರೆ ಹತ್ತೇ ಸೆಕೆಂಡಿನಲ್ಲಿ 50 ಮಿ.ಲೀ. ಡೈ ಚರ್ಮದಡಿ ಸೇರಬಹುದು. ಊದಿಕೊಂಡರೆ ತಕ್ಷಣ ನಿಲ್ಲಿಸಿ, ಕೈ ಎತ್ತರಿಸಿ, ತಣ್ಣನೆ ಪಟ್ಟಿ ಹಾಕಿ. ಬೆರಳು ಮರಗಟ್ಟಿದರೆ, ನೋವು ಏರುತ್ತಲೇ ಹೋದರೆ ಸರ್ಜನ್ ನೋಡಬೇಕು. ಎಸಿ ಕೋಣೆಯಲ್ಲಿಟ್ಟ 370ರ (ಮಿ.ಲೀ.ಗೆ 370 ಮಿ.ಗ್ರಾಂ ಅಯೋಡಿನ್ ಇರುವ) ಡೈ ಬಾಟಲಿ ಗಟ್ಟಿಯಾಗಿರುತ್ತದೆ. ವಾರ್ಮರ್‌ನಲ್ಲಿಟ್ಟು ಮೈಬಿಸಿಗೆ ತಂದರೆ ಇಂಜೆಕ್ಟರ್ ಪ್ರೆಷರ್ ಲಿಮಿಟ್ ಎಂದು ಕೂಗಿಕೊಳ್ಳುವುದು ಕಡಿಮೆಯಾಗುತ್ತದೆ.

ತಾಳಿ, ಸರ, ಬ್ಲೌಸಿನ ಹುಕ್ಕು. ತಾಳಿ ತೆಗೆಯಲು ಒಪ್ಪದವರೊಂದಿಗೆ ವಾದ ಬೇಡ, ಗಲ್ಲದ ಮೇಲಕ್ಕೆ ಸರಿಸಿ ಟೇಪ್ ಹಾಕಿದರೆ ಸಾಕು. ಮಹಾಪಧಮನಿ ಸ್ಕ್ಯಾನ್ ತೊಡೆಯವರೆಗೆ ಹೋಗುವುದರಿಂದ ಬೆಳ್ಳಿಯ ಉಡಿದಾರವನ್ನೂ ಕೇಳಿ. ಇಸಿಜಿ ಸ್ಟಿಕರ್ ಅಂಟಿಸುವ ಜಾಗದ ಬೆವರು ಒರೆಸಿ, ಕೂದಲಿದ್ದರೆ ಬೋಳಿಸಿ. ಆರ್ ಅಲೆ ಚೆನ್ನಾಗಿ ಸಿಗದಿದ್ದರೆ ಯಂತ್ರ ತಪ್ಪು ಹೊತ್ತಿಗೆ ಚಿತ್ರ ತೆಗೆಯುತ್ತದೆ.

ಉಸಿರಿನ ತಾಲೀಮು ಮಾಡಿಸದೆ ಶುರು ಮಾಡಬೇಡಿ. ಯಂತ್ರದೊಳಗಿನ ಧ್ವನಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ‘ಹೋಲ್ಡ್’ ಎಂದಾಗ ಆನೇಕಲ್ಲಿನ ಅಜ್ಜಿ ತಲೆಯೆತ್ತಿ ‘ಏನಂದ್ರಿ?’ ಎಂದು ಕೇಳುತ್ತಾರೆ, ಅಷ್ಟರಲ್ಲಿ ಸ್ಕ್ಯಾನ್ ಮುಗಿದಿರುತ್ತದೆ. ಈಗಿನ ಬಹುತೇಕ ಯಂತ್ರಗಳಲ್ಲಿ ನಮ್ಮ ಧ್ವನಿಯನ್ನೇ ರೆಕಾರ್ಡ್ ಮಾಡಿಡಬಹುದು: ‘ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ... ಬಿಡಿ.’ ತಮಿಳು, ತೆಲುಗು, ಉರ್ದುವಿನದೂ ಇರಲಿ. ತಾಲೀಮಿನಲ್ಲಿ ಉಸಿರು ಹಿಡಿದಾಗ ನಾಡಿ ಎಷ್ಟಾಗುತ್ತದೆ ಎಂದೂ ನೋಡಿಕೊಳ್ಳಿ, ಚಿತ್ರ ತೆಗೆಯುವುದು ಆ ಲೆಕ್ಕದಲ್ಲಿ. ‘ಮೈಯೆಲ್ಲ ಬಿಸಿಯಾಗುತ್ತೆ, ಮೂತ್ರ ಹೋದಂಗನ್ನಿಸುತ್ತೆ, ಹೋಗಿರೋದಿಲ್ಲ, ಗಾಬರಿ ಬೇಡ’ ಎಂದು ಮೊದಲೇ ಹೇಳಿ. ಹೇಳದಿದ್ದರೆ ಆ ಗಾಬರಿಗೇ ನಾಡಿ ಹತ್ತಿಪ್ಪತ್ತು ಏರುತ್ತದೆ.

ಡೈ 350–370ರದು, 60–80 ಮಿ.ಲೀ., ಸೆಕೆಂಡಿಗೆ 5–6 ಮಿ.ಲೀ., ಹಿಂದೆಯೇ 40–50 ಮಿ.ಲೀ. ಸಲೈನ್. ಮಹಾಪಧಮನಿಯಲ್ಲಿ ಗುರುತಿಟ್ಟ ಜಾಗ 100–120 ಎಚ್‌ಯು (ಸಿಟಿಯಲ್ಲಿ ಹೊಳಪಿನ ಅಳತೆ) ಮುಟ್ಟಿದಾಗ ಟ್ರಿಗರ್, ಅಂದರೆ ಸ್ಕ್ಯಾನ್ ಶುರು. ಶ್ವಾಸನಾಳ ಕವಲೊಡೆಯುವ ಜಾಗದ ಸ್ವಲ್ಪ ಕೆಳಗಿನಿಂದ ಹೃದಯದ ತಳದವರೆಗೆ. ತೀರಾ ದಪ್ಪಗಿಲ್ಲದವರಿಗೆ 100 ಕೆವಿ ಸಾಕು. ನಾಡಿ ನಿಧಾನವಿದ್ದರೆ ಬಡಿತದ 70–75 ಶೇಕಡಾ ಹಂತದಲ್ಲಿ ಪ್ರಾಸ್ಪೆಕ್ಟಿವ್ ಆಗಿ, ಅಂದರೆ ಆ ಹಂತದಲ್ಲಷ್ಟೇ, ತೆಗೆಯಿರಿ. ಹೀಗೆ ಮಾಡಿದರೆ ವಿಕಿರಣ ಸಾಮಾನ್ಯವಾಗಿ 1–5 ಮಿಲಿಸೀವರ್ಟ್‌ನಲ್ಲಿ ಮುಗಿಯುತ್ತದೆ, ಬಡಿತದುದ್ದಕ್ಕೂ ತೆಗೆಯುವ ರೆಟ್ರೋಸ್ಪೆಕ್ಟಿವ್ ಆದರೆ 10 ದಾಟಬಹುದು. ಹೃದಯಕ್ಕೆಂದು ಚಿಕ್ಕದಾಗಿ ಕತ್ತರಿಸಿದ ಚಿತ್ರದ ಜೊತೆಗೆ ಅದೇ ಸ್ಕ್ಯಾನಿನಿಂದ ಎದೆಯ ಪೂರ್ತಿ ಅಗಲದ ಚಿತ್ರವನ್ನೂ ತೆಗೆಸಿ ನೋಡಿ. ನೋವಿನ ಕಾರಣ ನ್ಯುಮೋನಿಯಾವೋ ಪಕ್ಕೆಲುಬೋ ಆಗಿದ್ದರೆ ಅಲ್ಲಿ ಸಿಗುತ್ತದೆ.

ಫಲಿತಾಂಶ ಕ್ಯಾಡ್-ರ‍್ಯಾಡ್ಸ್ ಅಂಕೆಯಲ್ಲಿ (ರಕ್ತನಾಳ ಎಷ್ಟು ಕಟ್ಟಿದೆ ಎಂದು ಹೇಳುವ 0–5ರ ಅಳತೆ) ಬರುತ್ತದೆ. 0 ಎಂದರೆ ಏನೂ ಇಲ್ಲ, 1 ಮತ್ತು 2 ಎಂದರೆ ಶೇ. 50ರೊಳಗಿನ ಅಡಚಣೆ. ಇವರು ಮನೆಗೆ ಹೋಗಬಹುದು, 1–2ರವರು ಸ್ಟ್ಯಾಟಿನ್ ಬಗ್ಗೆ ವೈದ್ಯರೊಂದಿಗೆ ಮಾತಾಡಿಕೊಂಡು. 3, ಅಂದರೆ ಶೇ. 50–69, ಬಂದರೆ ಆ ಅಡಚಣೆಯಿಂದ ರಕ್ತ ನಿಜಕ್ಕೂ ಕಡಿಮೆಯಾಗಿದೆಯೇ ಎಂದು ಸ್ಟ್ರೆಸ್ ಪರೀಕ್ಷೆಯಲ್ಲಿ ನೋಡಬೇಕು. 4 ಮತ್ತು 5ಕ್ಕೆ ಸಾಮಾನ್ಯವಾಗಿ ಆಂಜಿಯೋಗ್ರಾಂ. ರಿಪೋರ್ಟಿನಲ್ಲಿ ‘ಹೈ ರಿಸ್ಕ್ ಪ್ಲಾಕ್’ (ಒಡೆಯಬಹುದಾದ ಜಿಡ್ಡು) ಎಂದಿದ್ದರೆ ಅಂಕೆ 2 ಇದ್ದರೂ ಆ ರಾತ್ರಿ ಮನೆಗೆ ಕಳಿಸಬೇಡಿ.

ಶ್ವಾಸಕೋಶದ ಹೆಪ್ಪು

ಉಸಿರೆಳೆದಾಗ ಚುಚ್ಚುವ ನೋವು, ಆಕ್ಸಿಜನ್ ಕಡಿಮೆ, ನಾಡಿ ಜೋರು, ಒಂದೇ ಕಾಲು ಊತ; ಇತ್ತೀಚೆಗೆ ಸರ್ಜರಿ, ಹೆರಿಗೆ, ಪ್ಲಾಸ್ಟರ್, ಅಥವಾ ದೂರದ ವಿಮಾನ ಪ್ರಯಾಣ. ಹೆಪ್ಪಿನ ಸಂಭವ ಅಳೆಯುವ ವೆಲ್ಸ್ ಸ್ಕೋರ್ 4ರ ಮೇಲಿದ್ದರೆ ನೇರ ಸಿಟಿ. 4 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಡಿ-ಡೈಮರ್ (ಹೆಪ್ಪಿನ ಸುಳಿವು ಕೊಡುವ ರಕ್ತಪರೀಕ್ಷೆ). ಇಲ್ಲಿ ಲ್ಯಾಬಿನ ಯೂನಿಟ್ (ಎಫ್‌ಇಯು ಅಥವಾ ಡಿಡಿಯು) ನೋಡದೆ ಮೋಸಹೋಗುವವರು ಬಹಳ. ಎಫ್‌ಇಯು ಲೆಕ್ಕದಲ್ಲಿ ಮಿತಿ ಮಿ.ಲೀ.ಗೆ 500 ನ್ಯಾನೋಗ್ರಾಂ, ಡಿಡಿಯು ಲೆಕ್ಕದಲ್ಲಿ ಅದು ಸುಮಾರು 250. ಡಿಡಿಯು ಕೊಡುವ ಲ್ಯಾಬಿನಿಂದ 400 ಬಂದರೆ ಅದು ಹೆಚ್ಚೇ. 50 ದಾಟಿದವರಿಗೆ ವಯಸ್ಸನ್ನು 10ರಿಂದ ಗುಣಿಸಿ: 68ರವರಿಗೆ 680 ಎಫ್‌ಇಯುವರೆಗೆ ಸರಿ. ಸುಮ್ಮನೆ ಎಲ್ಲರಿಗೂ ಡಿ-ಡೈಮರ್ ಕಳಿಸಬೇಡಿ. ಡೆಂಗ್ಯೂ, ಗರ್ಭ, ಸೋಂಕು, ಯಾವುದಕ್ಕೂ ಅದು ಏರುತ್ತದೆ, ಆಮೇಲೆ ಸಿಟಿಯಿಲ್ಲದೆ ಬಿಡಿಸಿಕೊಳ್ಳಲಾಗುವುದಿಲ್ಲ.

ನಾಡಿ ಇಳಿಸುವ ಮಾತ್ರೆ ಇಲ್ಲಿ ಕೊಡಲೇಬಾರದು. ಒತ್ತಡದಲ್ಲಿರುವ ಬಲಹೃದಯ ಆ ವೇಗದ ಮೇಲೆಯೇ ನಿಂತಿರುತ್ತದೆ. ಟ್ರಿಗರ್ ಗುರುತು ಪಲ್ಮನರಿ ಟ್ರಂಕ್ ಮೇಲೆ, ವೇಗ ಸೆಕೆಂಡಿಗೆ 4–5 ಮಿ.ಲೀ. ‘ಜೋರಾಗಿ ಉಸಿರು ಎಳ್ಕೊಳ್ಳಿ’ ಎನ್ನಬೇಡಿ. ಪೂರ್ತಿ ಎಳೆದರೆ ಹೊಟ್ಟೆಯ ಕಡೆಯಿಂದ ಡೈ ಇಲ್ಲದ ರಕ್ತ ನುಗ್ಗಿ ಶ್ವಾಸಕೋಶದ ರಕ್ತನಾಳ ಮಂಕಾಗುತ್ತದೆ, ಮಹಾಪಧಮನಿ ಮಾತ್ರ ಹೊಳೆಯುತ್ತದೆ. ಇದ್ದ ಹಾಗೇ ಉಸಿರು ನಿಲ್ಲಿಸಿದರೆ ಸಾಕು. ಹೆಪ್ಪು ಕಂಡರೆ ರಿಪೋರ್ಟಿನಲ್ಲಿ ಬಲ-ಎಡ ಹೃತ್ಕುಕ್ಷಿಗಳ ಅಗಲದ ಅನುಪಾತ ಇರಬೇಕು. 1ಕ್ಕಿಂತ ಹೆಚ್ಚಿದ್ದರೆ ಬಲಹೃದಯ ಸೋಲುತ್ತಿದೆ, ವಾರ್ಡ್ ಸಾಲದು. ಬಿಪಿ ಬಿದ್ದುಹೋಗಿರುವ ರೋಗಿಯನ್ನು ಸಿಟಿ ಕೋಣೆಗೆ ತಳ್ಳಿಕೊಂಡು ಹೋಗಬೇಡಿ, ಹಾಸಿಗೆ ಪಕ್ಕದಲ್ಲೇ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿ.

ಮಹಾಪಧಮನಿ ಸೀಳು

ಅಪರೂಪ, ಆದರೆ ತಪ್ಪಿದರೆ ಉಳಿಸುವುದು ಕಷ್ಟ. ಒಮ್ಮೆಗೇ ಶಿಖರ ಮುಟ್ಟಿದ ನೋವು, ಬೆನ್ನಿಗೆ ಹರಡುವ ಸೀಳುವಂಥ ನೋವು, ಎರಡು ಕೈಗಳ ಬಿಪಿಯಲ್ಲಿ 20ಕ್ಕಿಂತ ಹೆಚ್ಚು ವ್ಯತ್ಯಾಸ, ಜೊತೆಗೆ ಮಾತು ತೊದಲುವುದು ಅಥವಾ ಕಾಲು ಸೋಲುವುದು. ಎರಡೂ ಕೈಯ ಬಿಪಿ ನೋಡಲು ಎರಡು ನಿಮಿಷ ಸಾಕು, ಆದರೂ ಕೇಸ್ ಶೀಟುಗಳಲ್ಲಿ ಅದು ಇರುವುದೇ ಕಡಿಮೆ. ನಮ್ಮ ನರ್ಸಿಂಗ್ ಹೋಮ್‌ಗಳಲ್ಲಿ ಎದೆನೋವು ಎಂದ ಕೂಡಲೇ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಸ್ಟ್ಯಾಟಿನ್ ಲೋಡಿಂಗ್ ಕೊಟ್ಟು ಹೆಪಾರಿನ್ ಹಾಕಿಬಿಡುವ ರೂಢಿಯಿದೆ. ಸೀಳಿದ ಮಹಾಪಧಮನಿಗೆ ಅದೇ ಮುಳುವು. ಬಲ ಕೊರೊನರಿಯ ಬಾಯನ್ನು ಸೀಳು ಮುಚ್ಚಿದರೆ ಇಸಿಜಿಯೂ ಹೃದಯಾಘಾತದಂತೆಯೇ ಕಾಣುತ್ತದೆ, ಆದ್ದರಿಂದ ಕಥೆ ಹೊಂದದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ (ಲೈಟಿಕ್) ಚುಚ್ಚುವ ಮುಂಚೆ ಒಂದು ಕ್ಷಣ ನಿಲ್ಲಿ. ಮೊದಲು ಸಿಟಿ ಎನ್ನಬೇಕಾದ ಹೃದಯಾಘಾತ ಇದೊಂದೇ.

ಮೊದಲು ಡೈ ಇಲ್ಲದೆ ಒಂದು ಸುತ್ತು. ಗೋಡೆಯೊಳಗೆ ರಕ್ತ ಹೆಪ್ಪುಗಟ್ಟಿದ್ದರೆ ಬಿಳಿಯ ಅರ್ಧಚಂದ್ರದಂತೆ ಕಾಣುವುದು ಇದರಲ್ಲೇ, ಡೈ ಹೋದಮೇಲೆ ಅದು ಅಡಗಿಬಿಡುತ್ತದೆ. ಆಮೇಲೆ ಡೈ ಕೊಟ್ಟು ಕತ್ತಿನ ಬುಡದಿಂದ ತೊಡೆಸಂದಿಯವರೆಗೆ. ಎದೆಯ ಭಾಗಕ್ಕೆ ಇಸಿಜಿ ಗೇಟಿಂಗ್ ಇರಲಿ. ಇಲ್ಲದಿದ್ದರೆ ಹೃದಯದ ಬಡಿತಕ್ಕೆ ಅಲುಗುವ ಬುಡದ ಗೋಡೆ ಎರಡಾಗಿ ಕಂಡು ಇಲ್ಲದ ಸೀಳು ಹುಟ್ಟಿಕೊಳ್ಳುತ್ತದೆ. ಕಿಡ್ನಿಯ ಕ್ರಿಯಾಟಿನಿನ್ ವರದಿಗೆ ಕಾಯಬೇಡಿ. ನೋವಿಗೆ ಫೆಂಟನಿಲ್ ಅಥವಾ ಮಾರ್ಫಿನ್, ಐವಿ ಎಸ್ಮೊಲಾಲ್ ಇಲ್ಲವೇ ಲ್ಯಾಬೆಟಲಾಲ್‌ನಿಂದ ನಾಡಿ 60ರೊಳಗೆ, ಮೇಲಿನ ಬಿಪಿ 100–120ಕ್ಕೆ. ಏರುಭಾಗದಲ್ಲಿ ಸೀಳಿದ್ದರೆ ಅದು ಟೈಪ್ ಎ. ಮೊದಲ ದಿನಗಳಲ್ಲಿ ಗಂಟೆಗೆ ಶೇ. 1–2ರಂತೆ ಸಾವಿನ ಸಂಭವ ಏರುತ್ತದೆಂಬ ಲೆಕ್ಕವಿದೆ. ಹಾರ್ಟ್ ಸರ್ಜನ್ ಇರುವ ಆಸ್ಪತ್ರೆಗೆ ಫೋನ್ ಮಾಡಿ, ಬೆಡ್ ಮತ್ತು ಥಿಯೇಟರ್ ಖಚಿತಪಡಿಸಿಕೊಂಡೇ ಆಂಬುಲೆನ್ಸ್ ಹೊರಡಿಸಿ.

ಮೂರನ್ನೂ ಒಂದೇ ಸ್ಕ್ಯಾನಿನಲ್ಲಿ ನೋಡುವ ‘ಟ್ರಿಪಲ್ ರೂಲ್ ಔಟ್’ ಇದೆ. ಡೈ ಹೆಚ್ಚು, ವಿಕಿರಣ ಹೆಚ್ಚು, ಕೊರೊನರಿ ಚಿತ್ರ ಸಾಧಾರಣ. ಪ್ರಶ್ನೆ ಯಾವುದೆಂದು ಯೋಚಿಸುವ ಶ್ರಮ ತಪ್ಪಿಸಿಕೊಳ್ಳಲು ಇದನ್ನು ಬಳಸುವುದು ಸರಿಯಲ್ಲ.

ಡೈ ಬಗ್ಗೆ

ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ಪ್ರಮಾಣ) 30ಕ್ಕಿಂತ ಮೇಲಿದ್ದರೆ ಹೆಚ್ಚಿನವರಿಗೆ ಕಿಡ್ನಿಯ ಭಯ ಬೇಡ, ಶುಗರ್ ಮಾತ್ರೆ ಮೆಟ್ಫಾರ್ಮಿನ್ ನಿಲ್ಲಿಸಬೇಕಾಗಿಲ್ಲ. ಕೆಳಗಿದ್ದರೆ ಲಾಭ-ನಷ್ಟ ತೂಗಿ, ಮಾಡಿದರೆ ಮೆಟ್ಫಾರ್ಮಿನ್ 48 ಗಂಟೆ ನಿಲ್ಲಿಸಿ ಕಿಡ್ನಿ ಮತ್ತೆ ಪರೀಕ್ಷಿಸಿ. ಮೀನು, ಸಿಗಡಿ ಅಲರ್ಜಿಗೂ ಡೈಗೂ ಸಂಬಂಧವಿಲ್ಲ. ಹಿಂದೆ ಇದೇ ಡೈಗೆ ತೊಂದರೆಯಾಗಿತ್ತೇ ಎಂಬುದು ಕೇಳಬೇಕಾದ ಪ್ರಶ್ನೆ.

ಚುಚ್ಚಿದ ಮೇಲೆ ಗಂಟಲು ಕಟ್ಟಿ, ಬಿಪಿ ಬಿದ್ದರೆ ಮೊದಲ ಔಷಧ ಅಡ್ರಿನಲಿನ್. 1:1000ರದು 0.5 ಮಿ.ಲೀ. ತೊಡೆಯ ಹೊರಬದಿಯ ಮಾಂಸಖಂಡಕ್ಕೆ, 5 ನಿಮಿಷಕ್ಕೆ ಇಳಿಯದಿದ್ದರೆ ಮತ್ತೊಮ್ಮೆ. ಏವಿಲ್ (ಅಲರ್ಜಿಯದು), ಎಫ್ಕಾರ್ಲಿನ್ (ಸ್ಟೀರಾಯ್ಡ್) ಆಮೇಲೆ. ಅವೆರಡನ್ನೇ ಕೊಟ್ಟು ಕಾಯುತ್ತ ನಿಂತರೆ ಕೈಮೀರುತ್ತದೆ. ಮೆಟೊಪ್ರೊಲಾಲ್ ಕೊಟ್ಟಿದ್ದವರಲ್ಲಿ ಅಡ್ರಿನಲಿನ್ ಸರಿಯಾಗಿ ಹತ್ತದಿರಬಹುದು, ಅಂಥವರಿಗೆ ಗ್ಲೂಕಗಾನ್ 1–5 ಮಿ.ಗ್ರಾಂ ಐವಿ ನಿಧಾನವಾಗಿ. ಸಿಟಿ ಕೋಣೆಯ ಟ್ರೇಯಲ್ಲಿ ಅದು ಇದೆಯೇ ಎಂದು ಇವತ್ತೇ ನೋಡಿಕೊಳ್ಳಿ. ಏನೂ ಆಗದಿದ್ದರೂ ಅರ್ಧ ಗಂಟೆ ಕ್ಯಾನುಲಾ ತೆಗೆಯಬೇಡಿ.

ಬೇರೆ ಆಸ್ಪತ್ರೆಗೆ ಕಳಿಸುವಾಗ ಫಿಲಂ ಸಾಲದು. ಸಾವಿರಾರು ಸ್ಲೈಸಿನಲ್ಲಿ ಇಪ್ಪತ್ತು-ಮೂವತ್ತು ಮಾತ್ರ ಅದರಲ್ಲಿರುತ್ತವೆ. ಎಲ್ಲ ಸ್ಲೈಸುಗಳೂ ಇರುವ ಪೂರ್ತಿ ಡೈಕಾಂ ಸಿಡಿ ಅಥವಾ ಲಿಂಕ್ ಕೊಡಿ, ಇಲ್ಲದಿದ್ದರೆ ಅಲ್ಲಿ ಮತ್ತೆ ಸ್ಕ್ಯಾನ್, ಮತ್ತೆ ಡೈ. ರೆಫರಲ್ ಪತ್ರದಲ್ಲಿ ಎಷ್ಟು ಮಿ.ಲೀ. ಡೈ, ಎಷ್ಟು ಗಂಟೆಗೆ, ಬೀಟಾ ಬ್ಲಾಕರ್, ನೈಟ್ರೇಟ್, ಆಸ್ಪಿರಿನ್, ಹೆಪಾರಿನ್ ಯಾವಾಗ ಎಷ್ಟು ಕೊಟ್ಟಿರಿ ಎಂದು ಬರೆಯಿರಿ. ಜೊತೆಗೆ ಆಂಬುಲೆನ್ಸಿನಲ್ಲಿ ಹೋಗುವವರ ಮೊಬೈಲ್ ನಂಬರ್.